ಶನಿವಾರದ ಗಂಬೋ

ಅಡುಗೆಮನೆಯ ಹಿಂಬಾಗಿಲು ಧಡಾರನೆ ತೆರೆದುಕೊಂಡಿತು. ಒಲೆಯ ಮುಂದೆ ನಿಂತಿದ್ದ ಸಿಂಚನಾ ಬೆಚ್ಚಿ ತಿರುಗಿದಳು.

ಒಳಗೆ ನುಗ್ಗಿದವನು ಅವಳ ಮುಖವನ್ನೂ ನೋಡಲಿಲ್ಲ. ನೇರ ಬಂದು ಒಲೆ ಆರಿಸಿದ. ಕೈಗೆ ಸಿಕ್ಕ ಬಟ್ಟೆಯಲ್ಲಿ ದಪ್ಪ ತಳದ ಪಾತ್ರೆಯನ್ನು ಹಿಡಿದೆತ್ತಿ, ಹೊರಗೆ ಒಯ್ದು, ಅಂಗಳದ ಕಲ್ಲುಹಾಸಿನ ಮೇಲಿಟ್ಟು ಮುಚ್ಚಳ ಮುಚ್ಚಿದ. ಎಲ್ಲ ಮುಗಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ನಲವತ್ತು ನಿಮಿಷ... ನಲವತ್ತು ನಿಮಿಷ ಒಂದೇ ಸಮನೆ ನಿಂತು ಕಲಕಿದ್ದಳು ಅದನ್ನು!

"ಯಾರ್ರೀ ಇವನು, ಹುಚ್ಚನ ಥರ..." ಎಂದು ಅವಳು ಗೊಣಗಿದ್ದು ಕನ್ನಡದಲ್ಲಿ. ಈ ಜರ್ಮನಿಯಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ.

ಬಾಗಿಲಲ್ಲಿ ನಿಂತಿದ್ದವನು ತಟ್ಟನೆ ತಲೆಯೆತ್ತಿದ.

"ಹುಚ್ಚ ಅಲ್ಲ, ಮೇಲಿನ ಮನೆಯವನು. ಮೂರನೇ ಫ್ಲೋರ್ ತನಕ ಸೀದ ವಾಸನೆ ಬರ್ತಿದೆ. ನೀವು ಪಕ್ಕದಲ್ಲೇ ನಿಂತಿದೀರ... ನಿಮಗೆ ವಾಸನೆ ಬರಲ್ವಾ?"

ಆ ಪ್ರಶ್ನೆ ಎದೆಗೆ ನೇರವಾಗಿ ನಾಟಿತು. ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಹೊಗೆಯ ಮೇಲೆ ಹಾಕಿ, ಈ ಅಡುಗೆ ಕಪ್ಪಗೇ ಆಗಬೇಕು, ನಿಮಗೆ ಗೊತ್ತಿಲ್ಲದ ವಿಷಯದಲ್ಲಿ ತಲೆ ಹಾಕಬೇಡಿ ಎಂದು ಗದರಿದಳು. ಕಪ್ಪಾಗುವುದು ಬೇರೆ, ಸೀಯುವುದು ಬೇರೆ ಎಂದು ಅವನು ಮೆಲ್ಲಗೆ ಹೇಳಿದ. ಅವಳು ಬಾಗಿಲು ತೋರಿಸಿದಳು.

ಅವನು ಹೋದ ಮೇಲೆ ಮುಚ್ಚಳ ತೆರೆದು ಪಾತ್ರೆಗೆ ಮುಖ ಇಟ್ಟಳು. ಉಸಿರು ಎಳೆದಳು. ಇನ್ನೂ ಜೋರಾಗಿ ಎಳೆದಳು.

ಏನೂ ಇಲ್ಲ. ಬರೀ ಬಿಸಿ ಗಾಳಿ.

ಫೆಬ್ರವರಿಯ ಜ್ವರ ಬಿಟ್ಟುಹೋದಾಗ ಸಿಂಚನಾಳ ಮೂಗನ್ನೂ ಜೊತೆಗೇ ಒಯ್ದಿತ್ತು. ಕಾಫಿ ಬಿಸಿನೀರಾಗಿತ್ತು, ಕೊತ್ತಂಬರಿ ಬರೀ ಹಸಿರು ಸೊಪ್ಪಾಗಿತ್ತು. ನಾಲಿಗೆಗೆ ಉಪ್ಪು, ಹುಳಿ, ಖಾರ ಮಾತ್ರ ತಿಳಿಯುತ್ತಿತ್ತು. ತಿಂಗಳುಗಳು ಹಿಡಿಯಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ನಿಂಬೆ, ಗುಲಾಬಿ, ಲವಂಗ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆರಡು ಸಲ ಮೂಸಿ ಅಭ್ಯಾಸ ಮಾಡಿ ಎಂದು ಚೀಟಿ ಬರೆದುಕೊಟ್ಟಿದ್ದರು.

ಬೇರೆ ಯಾರಿಗಾದರೂ ಇದು ಸಣ್ಣ ತೊಂದರೆ. ಆದರೆ ಸಿಂಚನಾ ಅಡುಗೆಯವಳು.

ತುಮಕೂರಿನಿಂದ ವಾಲ್‌ಡಾರ್ಫ್‌ಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಬಂದವಳು, ಐದು ವರ್ಷ ಆದ ಮೇಲೆ ಅದನ್ನು ಬಿಟ್ಟು ಹೈಡೆಲ್‌ಬರ್ಗ್‌ನ ಈ ಪುಟ್ಟ ವೀಗನ್ ಊಟದಂಗಡಿ ಸೇರಿದ್ದಳು. ಮಾಂಸ ಮೊಟ್ಟೆ ಇರಲಿ, ಹಾಲು ತುಪ್ಪವನ್ನೂ ಮುಟ್ಟದ ಅಡುಗೆ. ಅಮ್ಮ ಫೋನಿನಲ್ಲಿ ಎರಡು ತಿಂಗಳು ಅತ್ತಿದ್ದರು. ಅಂಥ ಹಟ ಹಿಡಿದು ಬಂದ ಅಡುಗೆಮನೆಯಲ್ಲಿ ಈಗ ಮೂಗಿಲ್ಲ ಎಂದು ಹೇಳುವುದು ಹೇಗೆ? ಅಂಗಡಿಯ ಒಡತಿ ಲೀನಾಗೂ ಹೇಳಿರಲಿಲ್ಲ. ಹೇಳಿದರೆ ಸೌಟು ಕೈಯಿಂದ ಹೋಗುತ್ತದೆ ಎಂಬ ಭಯ.

ಅದೇ ಹೊತ್ತಿಗೆ ಲೀನಾ ಒಂದು ಕೆಲಸ ಒಪ್ಪಿಕೊಂಡು ಬಂದಿದ್ದಳು. ಹಿಂದೆ ಹೈಡೆಲ್‌ಬರ್ಗ್‌ನಲ್ಲಿ ಅಮೆರಿಕದ ಸೇನೆಯ ನೆಲೆ ಇತ್ತು. ಇಲ್ಲೇ ಮದುವೆಯಾಗಿ ಉಳಿದುಹೋದ ಕೆಲವು ವೃದ್ಧ ಸೈನಿಕರು ಪ್ರತಿ ನವೆಂಬರ್‌ನಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ಅವರ ಹಿರಿಯ, ಎಂಬತ್ತೆರಡು ವರ್ಷದ ಗಿಡ್ರಿ, ಲೂಸಿಯಾನಾದವರು. ಅಲ್ಲಿಯ ಕೇಜನ್ ಜನರ ಗಂಬೋ ಎಂಬ ಗಟ್ಟಿ ಸಾರನ್ನು ತಿಂದೇ ಬೆಳೆದವರು. ಹೃದಯದ ಆಪರೇಷನ್ ಆದ ಮೇಲೆ ಸಾಸೇಜು, ಸಿಗಡಿ, ಕೋಳಿ ಎಲ್ಲ ಬಂದ್. ಅವರಿಗೊಂದು ವೀಗನ್ ಗಂಬೋ ಬೇಕಂತೆ. ನಲವತ್ತು ಜನಕ್ಕೆ.

ಬೆಂಡೆಕಾಯಿ, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಸೆಲರಿ, ಅನ್ನ... ಪಟ್ಟಿ ನೋಡಿ ಸಿಂಚನಾ ಇದೇನು ಮಹಾ, ಬೆಂಡೆಕಾಯಿ ಹುಳಿಯ ದೂರದ ನೆಂಟ ಅಂದುಕೊಂಡಿದ್ದಳು. ಆದರೆ ಗಂಬೋದ ಜೀವ ಇರುವುದು ಅದರ ಬುಡದಲ್ಲಿ. ಎಣ್ಣೆಯಲ್ಲಿ ಮೈದಾಹಿಟ್ಟನ್ನು ಸಣ್ಣ ಉರಿಯಲ್ಲಿ ಕಲಕುತ್ತ ಕಲಕುತ್ತ ಕಡು ಕಂದು ಬಣ್ಣಕ್ಕೆ ತರಬೇಕು. ಅದಕ್ಕೆ ರೂ ಎನ್ನುತ್ತಾರೆ. ಒಂದು ಗಳಿಗೆ ಮೊದಲು ಇಳಿಸಿದರೆ ಸಪ್ಪೆ, ಒಂದು ಗಳಿಗೆ ತಡವಾದರೆ ಕಹಿ. ಆ ಗಳಿಗೆಯನ್ನು ಹೇಳುವುದು ಕಣ್ಣಲ್ಲ, ಮೂಗು.

ಅವಳಿಗೆ ಇಲ್ಲದ್ದು ಅದೊಂದೇ.

ಮುಂದಿನ ಶನಿವಾರ ಮಧ್ಯಾಹ್ನ, ಅಂಗಡಿ ಮುಚ್ಚಿದ ಮೇಲೆ, ಅವನು ಮತ್ತೆ ಬಂದ. ಈ ಸಲ ಬಾಗಿಲು ತಟ್ಟಿ. ಕೈಯಲ್ಲಿ ಹಳದಿ ಟ್ಯೂಲಿಪ್ ಹೂಗಳ ಕಟ್ಟು. ಹೆಸರು ವಿನೀತ್, ಮೈಸೂರು, ಮ್ಯಾನ್‌ಹೈಮ್‌ನಲ್ಲಿ ಕಾರಿನ ಬಿಡಿಭಾಗಗಳ ಲ್ಯಾಬ್‌ನಲ್ಲಿ ಕೆಲಸ ಎಂದು ಪರಿಚಯ ಹೇಳಿಕೊಂಡ. ಅವತ್ತು ಹಾಗೆ ನುಗ್ಗಬಾರದಿತ್ತು, ಸಾರಿ ಎಂದ.

ಅವನ ಮುಖದಲ್ಲಿದ್ದ ಸಂಕೋಚ ನೋಡಿ ಸಿಂಚನಾಳ ಸಿಟ್ಟು ಇಳಿಯಿತು. ತನ್ನ ಹೆಸರು ಹೇಳಿ, ಹೂ ತೆಗೆದುಕೊಂಡು, ಯಾರಾದರೂ ಮಾಡುವಂತೆ, ಮುಖಕ್ಕೆ ಹಿಡಿದಳು.

"ಥ್ಯಾಂಕ್ಸ್. ತುಂಬಾ ಒಳ್ಳೆ ವಾಸನೆ."

ವಿನೀತ್ ಹೂವನ್ನೂ ಅವಳನ್ನೂ ನೋಡಿದ.

"ಸಿಂಚನಾ ಅವ್ರೇ... ಈ ಹೂವಿಗೆ ವಾಸನೆಯೇ ಇಲ್ಲ."

ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮೂರು ತಿಂಗಳು ಯಾರ ಮುಂದೆಯೂ ಬಾರದ ಅಳು ಈ ಅಪರಿಚಿತನ ಮುಂದೆ ಉಕ್ಕಿಬಂತು. ತರಕಾರಿ ಹೆಚ್ಚುವ ಮಣೆಯ ಪಕ್ಕದಲ್ಲೇ ಕುಕ್ಕರಿಸಿ ಕೂತು ಅತ್ತಳು. ಅವನು ಸಮಾಧಾನ ಹೇಳಲಿಲ್ಲ. ಒಂದು ಲೋಟ ನೀರು ತಂದಿಟ್ಟು, ಎದುರಿಗೆ ತಾನೂ ನೆಲದ ಮೇಲೆ ಕೂತ.

ಎಲ್ಲ ಕೇಳಿದ ಮೇಲೆ ತನ್ನ ಕೆಲಸ ಏನೆಂದು ಹೇಳಿದ. ಹೊಸ ಕಾರಿನ ಸೀಟು, ಅಂಟು, ಪ್ಲಾಸ್ಟಿಕ್ಕು ಬಿಸಿಲಿಗೆ ಕಾದಾಗ ಎಂಥ ವಾಸನೆ ಬರುತ್ತದೆಂದು ಪರೀಕ್ಷಿಸುವ ತಂಡದಲ್ಲಿದ್ದಾನಂತೆ. ಬಿಸಿ ಮಾಡಿದ ಜಾಡಿ ತೆರೆದು ಮೂಸುವುದು, ಬರೆದಿಡುವುದು. ಅದಕ್ಕೇ ಸಂಬಳ.

ಸಿಂಚನಾ ಮೊದಲು ನಂಬಲಿಲ್ಲ. ಅವನು ತನ್ನನ್ನು ಆಡಿಕೊಳ್ಳುತ್ತಿದ್ದಾನೆ ಅನ್ನಿಸಿತು. ಅವನು ಗುರುತಿನ ಚೀಟಿ ತೆಗೆದು ತೋರಿಸಿದಾಗ ಅಳುವಿನ ಮಧ್ಯೆಯೇ ನಗು ಬಂತು.

"ನವೆಂಬರ್ ತನಕ ಶನಿವಾರ ನಾನು ಫ್ರೀ. ನೀವು ಕಲಕಿ, ನಾನು ಮೂಸ್ತೀನಿ," ಎಂದ ವಿನೀತ್.

ಹೀಗೆ ಶನಿವಾರಗಳು ಶುರುವಾದವು.

ಅವಳು ಎಣ್ಣೆಗೆ ಹಿಟ್ಟು ಸುರಿದು ಕಲಕಲು ನಿಂತರೆ, ಅವನು ಪಕ್ಕದಲ್ಲಿ ಕೈಕಟ್ಟಿ ನಿಂತು, ಕಣ್ಣು ಮುಚ್ಚಿ, ಕ್ರಿಕೆಟ್ ಕಾಮೆಂಟರಿಯಂತೆ ಹೇಳುತ್ತ ಹೋಗುತ್ತಿದ್ದ. ಈಗ ಬರೀ ಹಸಿ ಹಿಟ್ಟು. ಈಗ ಹುರಿಗಡಲೆ. ಈಗ ಚಕ್ಕುಲಿ ಹಿಟ್ಟು ಹುರಿಯುತ್ತಿರುವ ಮನೆಯ ಮುಂದೆ ನಡೆದ ಹಾಗೆ. ಈಗ ಕಾಫಿ ಬೀಜ ಹುರಿಯುವ ಅಂಗಡಿ, ಆದರೆ ಇನ್ನೂ ರಸ್ತೆಯ ಆಚೆ ಬದಿ. ಈಗ ರಸ್ತೆ ದಾಟಿದೆವು... ಸಾಕು, ಈರುಳ್ಳಿ ಹಾಕಿ!

ಅವಳು ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಒಟ್ಟಿಗೆ ಸುರಿದರೆ ಚೊಂಯ್ ಎಂದು ಹಬೆ ಏಳುತ್ತಿತ್ತು. ಆ ಹಬೆಯಲ್ಲಿ ಅವಳಿಗೆ ಏನೂ ಸಿಗುತ್ತಿರಲಿಲ್ಲ. ಆದರೂ ಅವನ ಮಾತಿನಲ್ಲಿ ಎಲ್ಲವೂ ಸಿಗುತ್ತಿತ್ತು.

ಸಾಸೇಜಿನ ಜಾಗಕ್ಕೆ ಹೊಗೆಯಾಡಿಸಿದ ತೋಫು ಬಂತು. ಸಿಗಡಿಯ ಜಾಗಕ್ಕೆ ದಪ್ಪ ಅಣಬೆ ಮತ್ತು ಒಣಗಿದ ಕಡಲಪಾಚಿಯ ತುಂಡು. ಹೊಟ್ಟೆ ತುಂಬಲಿ ಎಂದು ರಾಜ್ಮಾ. ಟರ್ಕಿಯವರ ಅಂಗಡಿಯಿಂದ ತಂದ ಬೆಂಡೆಕಾಯಿಯನ್ನು ಲೋಳೆ ಹೋಗುವವರೆಗೆ ಮೊದಲೇ ಹುರಿದುಕೊಳ್ಳುವುದು ಅವಳು ಅಮ್ಮನಿಂದ ಕಲಿತ ಉಪಾಯ. ಒಂದು ವಾರ ಉಪ್ಪು ಜಾಸ್ತಿ, ಇನ್ನೊಂದು ವಾರ ಹೊಗೆ ಜಾಸ್ತಿ. ಸೋತ ಗಂಬೋವನ್ನೂ ಇಬ್ಬರೂ ಅನ್ನಕ್ಕೆ ಕಲಸಿ ತಿಂದು ಮುಗಿಸುತ್ತಿದ್ದರು.

ತಿನ್ನುತ್ತ ಮಾತು. ವಿನೀತ್‌ಗೆ ಹೈಡೆಲ್‌ಬರ್ಗ್‌ನಲ್ಲಿ ಗೆಳೆಯರು ಬೇಕಾದಷ್ಟು ಎಂದು ಅವಳಿಗೆ ತಿಳಿದದ್ದು ಹಾಗೆ. ಶಿಫ್ಟಿಂಗ್ ಇದೆ ಬಾ ಗುರು, ಫ್ರಾಂಕ್‌ಫರ್ಟ್ ಏರ್‌ಪೋರ್ಟ್‌ಗೆ ಡ್ರಾಪ್ ಕೊಡು ಗುರು, ಅಪ್ಪ ಅಮ್ಮ ಬರ್ತಿದಾರೆ ವೀಸಾ ಫಾರ್ಮ್ ನೋಡು ಗುರು... ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಕೆಲಸ ಇಲ್ಲದೆ ಮಾತ್ರ ಯಾರೂ ಫೋನ್ ಮಾಡುವುದಿಲ್ಲ ಎಂದು ಅವನು ಒಂದು ಸಲ ನಗುತ್ತಲೇ ಹೇಳಿದ. ಆ ನಗು ಸಿಂಚನಾಳಿಗೆ ಚುಚ್ಚಿತು. ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಅಕ್ಟೋಬರ್ ಮೂರನೇ ವಾರ. ಬೆಳಿಗ್ಗೆ ತರಕಾರಿ ಸಿಪ್ಪೆಯ ಬುಟ್ಟಿ ಹಿಡಿದು ಅಂಗಳಕ್ಕೆ ಹೋದ ಸಿಂಚನಾ, ಹಸಿ ಕಸದ ಕಂದು ಡಬ್ಬಿ, ಬಯೋಟೋನ್ನೆ, ಮುಚ್ಚಳ ಎತ್ತಿದಳು.

ಏನೋ ಮೂಗಿಗೆ ಬಡಿಯಿತು.

ಅವಳು ಹಿಂದೆ ಸರಿದಳು. ಮತ್ತೆ ಬಗ್ಗಿದಳು. ಕೊಳೆತ ಎಲೆಕೋಸು, ಹುಳಿಬಂದ ಅನ್ನ, ಅದರ ಅಡಿಯಲ್ಲಿ ಇನ್ನೇನೋ ಹೇಳಬಾರದ್ದು... ಗಬ್ಬು ವಾಸನೆ! ಎಂಟು ತಿಂಗಳ ಮೇಲೆ!

ಡಬ್ಬಿಯ ಅಂಚು ಹಿಡಿದು ಅವಳು ಗಟ್ಟಿಯಾಗಿ ಅತ್ತಳು. ಎದುರು ಮನೆಯ ಜರ್ಮನ್ ಅಜ್ಜಿ ಕಿಟಕಿ ತೆರೆದು ಏನಾಯಿತೆಂದು ಕೇಳಿದರು. ಏನೂ ಇಲ್ಲ, ಕಸ ತುಂಬಾ ನಾರುತ್ತಿದೆ ಎಂದು ಸಿಂಚನಾ ಅಳುತ್ತ ನಗುತ್ತ ಹೇಳಿದಳು. ಅಜ್ಜಿ ಕಿಟಕಿ ಮುಚ್ಚಿಕೊಂಡರು.

ಒಳಗೆ ಓಡಿ ಬಂದು ಕಾಫಿ ಡಬ್ಬ ತೆರೆದಳು. ಮಂಕಾಗಿ, ದೂರದಿಂದ, ಆದರೆ ಬಂತು. ಲವಂಗ ಬಂತು. ಕೊತ್ತಂಬರಿ ಮಾತ್ರ ಸೋಪಿನಂತಿತ್ತು. ಇರಲಿ, ಬಂತಲ್ಲ.

ಫೋನ್ ಕೈಗೆತ್ತಿಕೊಂಡಳು. ಮೊದಲು ಅವನಿಗೇ ಹೇಳಬೇಕು. ಹೆಸರು ಒತ್ತಬೇಕೆನ್ನುವಷ್ಟರಲ್ಲಿ ಬೆರಳು ನಿಂತಿತು.

'ಹೇಳಿದರೆ... ಶನಿವಾರ ಅವರು ಯಾಕೆ ಬರಬೇಕು?'

ಬರುವುದು ನನ್ನ ಮೂಗಿಗಾಗಿ. ಆ ಕೆಲಸ ಮುಗಿದರೆ ಒಳ್ಳೆಯದಾಗಲಿ ಎಂದು ಹರಸಿ ಹೋಗಿಬಿಡುತ್ತಾರೆ. ಅವರು ಅಂಥವರೇ. ಇನ್ನೊಂದು ವಾರ... ಒಂದೇ ಒಂದು ವಾರ ಆಮೇಲೆ ಹೇಳುತ್ತೇನೆ.

ಫೋನ್ ಕೆಳಗಿಟ್ಟಳು.

ಆ ಒಂದು ವಾರ ಮೂರಾಯಿತು. ಅವನು ಕಣ್ಣು ಮುಚ್ಚಿ ಹುರಿಗಡಲೆ ಎಂದಾಗ ಅವಳ ಮೂಗಿಗೂ ಹುರಿಗಡಲೆ ಬರುತ್ತಿತ್ತು. ಅದು ನಿಜಕ್ಕೂ ಹಾಗೇ ಇತ್ತು! ಅಷ್ಟು ಸರಿಯಾಗಿ ಹೇಳುತ್ತಿದ್ದನಲ್ಲ ಈ ಮನುಷ್ಯ ಎಂದು ಎದೆ ತುಂಬುತ್ತಿತ್ತು. ಆದರೂ ಏನೂ ಗೊತ್ತಿಲ್ಲದವಳಂತೆ ಈಗೇನು ವಾಸನೆ ಎಂದು ಕೇಳುತ್ತಿದ್ದಳು. ಅವನು ಹತ್ತಿರ ಬಂದು ಬಗ್ಗಿದಾಗ ಅವನ ಉಣ್ಣೆಯ ಸ್ವೆಟರಿನ ವಾಸನೆ, ತೊಳೆದ ಕೂದಲಿನ ವಾಸನೆ... ಕಳ್ಳಿಯಂತೆ ಉಸಿರು ಎಳೆದುಕೊಳ್ಳುತ್ತಿದ್ದಳು.

ಊಟಕ್ಕೆ ಒಂದು ವಾರ ಉಳಿದಿದ್ದ ಶನಿವಾರ ಅವನು ತಡವಾಗಿ ಬಂದ. ಅವಳು ಬೆನ್ನು ತಿರುಗಿಸಿ ಸೆಲರಿ ಹೆಚ್ಚುತ್ತಿದ್ದಳು. ಹಿಂದಿನಿಂದ ಹೆಜ್ಜೆಯ ಸದ್ದು ಬಂತು, ಜೊತೆಗೇ ಖಾರವಾದ ಒಂದು ಘಾಟು.

"ಲವಂಗದ ಎಣ್ಣೆ ಹಚ್ಚಿದ್ದೀರಾ? ಹಲ್ಲು ನೋವಾ?" ಎಂದಳು, ತಿರುಗದೆ.

ಹಿಂದಿನ ಹೆಜ್ಜೆಗಳು ನಿಂತವು.

ಚಾಕು ಅವಳ ಕೈಯಲ್ಲೇ ನಿಂತಿತು. ಏನು ಮಾಡಿಕೊಂಡೆ ಎಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮೆಲ್ಲಗೆ ತಿರುಗಿದಳು. ವಿನೀತ್ ಜಾಕೆಟ್ಟನ್ನೂ ತೆಗೆಯದೆ ನಿಂತಿದ್ದ. ಮೊದಲು ಅವನ ಮುಖದಲ್ಲಿ ಸಂತೋಷ ಬಂತು. ಅದನ್ನು ಅವಳು ಕಣ್ಣಾರೆ ಕಂಡಳು. ಆಮೇಲೆ ಅದು ಆರಿತು.

"ಯಾವಾಗಿಂದ?"

"ಮೂರು ವಾರ..."

"ಮೂರು ವಾರ," ಎಂದ ಅವನು. "ವೋಲ್ಫ್ಸ್‌ಬುರ್ಗ್‌ನ ಕಾರ್ ಕಂಪನಿಯಿಂದ ಆಫರ್ ಬಂದು ತಿಂಗಳಾಯ್ತು. ಅಕ್ಟೋಬರ್‌ನಲ್ಲೇ ಜಾಯಿನ್ ಆಗಿ ಅಂದ್ರು. ಇಲ್ಲಿ ಒಬ್ರಿಗೆ ನನ್ನ ಅವಶ್ಯಕತೆ ಇದೆ, ಆಗಲ್ಲ ಅಂತ ಮುಂದೂಡ್ತಾ ಬಂದೆ. ನೀವು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

ಅವಳಿಗೆ ಆ ಆಫರಿನ ವಿಷಯವೇ ಗೊತ್ತಿರಲಿಲ್ಲ. ನನಗೆ ಬೇಕಾಗಿದ್ದು ನಿಮ್ಮ ಮೂಗಲ್ಲ ಅನ್ನಬೇಕಿತ್ತು. ಅದರ ಬದಲು ಬಾಯಿಂದ ಬಂದದ್ದು ಎರಡೇ ಶಬ್ದ: ಸಾರಿ, ವಿನೀತ್.

ಅವನು ತಲೆಯಾಡಿಸಿದ. ನಿಮ್ಮ ಗಂಬೋ ಚೆನ್ನಾಗಿ ಬರುತ್ತದೆ, ನನ್ನ ಕೆಲಸ ಮುಗಿದಿದೆ ಎಂದು ಹೇಳಿ ಹೊರಗೆ ನಡೆದ. ಬಾಗಿಲನ್ನು ಮೆಲ್ಲಗೇ ಮುಚ್ಚಿದ. ಅದು ಇನ್ನೂ ಹೆಚ್ಚು ನೋಯಿಸಿತು.

ಮಂಗಳವಾರ ಅವನ ಮನೆಯ ಕಿಟಕಿಗೆ ಪರದೆ ಇರಲಿಲ್ಲ. ಗುರುವಾರ ಅಂಚೆಪೆಟ್ಟಿಗೆಯ ಮೇಲಿದ್ದ ಅವನ ಹೆಸರಿನ ಚೀಟಿ ಹೋಗಿತ್ತು.

ಊಟದ ಹಿಂದಿನ ದಿನ ಸಿಂಚನಾ ಲೀನಾಳ ಮುಂದೆ ನಿಂತಳು. ಲೀನಾ ಫ್ರಾಂಕ್‌ಫರ್ಟ್‌ನಲ್ಲೇ ಹುಟ್ಟಿ ಬೆಳೆದ ಮಂಗಳೂರಿನವರ ಮಗಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಅರ್ಧ ಜರ್ಮನ್. ಸಿಂಚನಾ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ತನಗೆ ವಾಸನೆಯೇ ಇರಲಿಲ್ಲ, ಮುಚ್ಚಿಟ್ಟೆ, ಕೆಲಸದಿಂದ ತೆಗೆದರೂ ತಪ್ಪು ತಿಳಿಯುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಇಷ್ ವೈಸ್," ಎಂದಳು ಲೀನಾ. ನನಗೆ ಗೊತ್ತು.

ಮಾರ್ಚ್‌ನಲ್ಲಿ ಹುಳಿಯಾದ ಓಟ್ಸ್ ಹಾಲನ್ನು ಸಿಂಚನಾ ಸೂಪಿಗೆ ಹಾಕಹೊರಟಾಗಲೇ ಅವಳಿಗೆ ತಿಳಿದಿತ್ತಂತೆ. ಆವತ್ತಿನಿಂದ ಪ್ರತಿ ಪಾತ್ರೆಯನ್ನೂ ಬಡಿಸುವ ಮೊದಲು ತಾನೇ ಸದ್ದಿಲ್ಲದೆ ಮೂಸಿ, ರುಚಿ ನೋಡಿ ಕಳಿಸುತ್ತಿದ್ದಳಂತೆ. ನೀನೇ ಹೇಳಲಿ ಎಂದು ಕಾದೆ ಎಂದಳು.

ಒಂಬತ್ತು ತಿಂಗಳು ಹೊತ್ತ ಭಾರ... ಹೀಗೆ, ಇಷ್ಟು ಸುಲಭವಾಗಿ ಇಳಿಯುತ್ತದೆಯೇ? ಮೊದಲೇ ಹೇಳಿದ್ದರೆ ಎಷ್ಟು ರಾತ್ರಿಗಳ ನಿದ್ದೆ ಉಳಿಯುತ್ತಿತ್ತು!

"ನಂಗೆ ಹೇಳಿದ್ದಾಯ್ತಲ್ಲ," ಎಂದಳು ಲೀನಾ, ಅವಳ ಹೆಗಲ ಮೇಲೆ ಕೈಯಿಟ್ಟು. "ಈಗ ಆ ಶನಿವಾರದವ್ನಿಗೂ ಹೇಳು. ವಾಸನೆ ವಿಷಯ ಅಲ್ಲ. ಇನ್ನೊಂದು."

ಶನಿವಾರ ಬೆಳಿಗ್ಗೆ ಸಿಂಚನಾ ಒಬ್ಬಳೇ ಮೂರು ದೊಡ್ಡ ಪಾತ್ರೆಗಳ ಮುಂದೆ ನಿಂತಳು. ಹಿಟ್ಟು ಸುರಿದಳು, ಕಲಕಿದಳು. ಕಣ್ಣು ಮುಚ್ಚಿದಳು. ಹಸಿ ಹಿಟ್ಟು. ಹುರಿಗಡಲೆ. ಚಕ್ಕುಲಿ. ಕಾಫಿ ಅಂಗಡಿ... ತಡಿ, ಇನ್ನೂ ತಡಿ... ಈಗ. ಈರುಳ್ಳಿ ಬಿದ್ದು ಚೊಂಯ್ ಎಂದಾಗ ಪಕ್ಕಕ್ಕೆ ತಿರುಗಿದಳು. ಯಾರೂ ಇರಲಿಲ್ಲ.

ಮಧ್ಯಾಹ್ನ ನಲವತ್ತು ಬಟ್ಟಲು ಹೊರಗೆ ಹೋದವು. ಕಡು ಕಂದು ಸಾರು, ನಡುವೆ ಬಿಳಿ ಅನ್ನದ ಗುಪ್ಪೆ, ಮೇಲೆ ಹೆಚ್ಚಿದ ಈರುಳ್ಳಿಹೂವು. ಸಿಂಚನಾ ಅಡುಗೆಮನೆಯ ಬಾಗಿಲಲ್ಲಿ ಏಪ್ರನ್ ಹಿಂಡುತ್ತ ನಿಂತಳು.

ಗಿಡ್ರಿ ಒಂದು ಚಮಚ ಬಾಯಿಗಿಟ್ಟರು. ಚಮಚ ಕೆಳಗಿಟ್ಟರು. ಕಿಟಕಿಯ ಹೊರಗೆ ನೋಡುತ್ತ ಬಹಳ ಹೊತ್ತು ಕೂತರು.

ಆಮೇಲೆ ಅವರು ಮತ್ತೆ ಚಮಚ ಹಿಡಿದರು. ಬಟ್ಟಲು ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ.

ಅವಳನ್ನು ಹತ್ತಿರ ಕರೆದು, ಇದರಲ್ಲಿ ಸಾಸೇಜು ಎಲ್ಲಿ ಎಂದು ನನ್ನ ಅಮ್ಮ ಇದ್ದಿದ್ದರೆ ಮೊದಲು ಜಗಳ ಆಡುತ್ತಿದ್ದಳು, ಆಮೇಲೆ ಇನ್ನೊಂದು ಬಟ್ಟಲು ಹಾಕಿಸಿಕೊಳ್ಳುತ್ತಿದ್ದಳು ಎಂದರು. ನನಗೂ ಹಾಕು ಎಂದು ಬಟ್ಟಲು ಚಾಚಿದರು. ಅವರ ಕಣ್ಣಂಚು ಒದ್ದೆಯಾಗಿತ್ತು. ರೂ ಇಷ್ಟು ಕಪ್ಪಗೆ, ಕಹಿ ಇಲ್ಲದೆ ಮಾಡಲು ಯಾರು ಕಲಿಸಿದರು ಎಂದು ಕೇಳಿದರು.

ಅವರು ಈಗ ವೋಲ್ಫ್ಸ್‌ಬುರ್ಗ್‌ನಲ್ಲಿದ್ದಾರೆ ಎಂದಳು ಸಿಂಚನಾ. ಹೇಳುವಾಗಲೇ ಏನು ಮಾಡಬೇಕೆಂದು ಗೊತ್ತಾಯಿತು.

ಪಾತ್ರೆ ತೊಳೆಯುವ ಮೊದಲೇ ಮೆಸೇಜ್ ಕಳಿಸಿದಳು: ನಾಳೆ ಮಧ್ಯಾಹ್ನ ಎರಡೂವರೆಗೆ ವೋಲ್ಫ್ಸ್‌ಬುರ್ಗ್‌ಗೆ ಬರುತ್ತೇನೆ. ಓದಿದ ಗುರುತಿಗೆ ಎರಡು ನೀಲಿ ಟಿಕ್ ಬಂದವು. ಉತ್ತರ ಬರಲಿಲ್ಲ. ಸಂಜೆಯೂ ಇಲ್ಲ. ಭಾನುವಾರ ಬೆಳಿಗ್ಗೆಯೂ ಇಲ್ಲ.

ಆದರೂ ಅವಳು ಹೊರಟಳು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಗಂಬೋ ತುಂಬಿ, ಅದನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ನಾಲ್ಕು ಗಂಟೆ ಕೂತಳು. ಕಿಟಕಿಯಾಚೆ ಎಲೆ ಉದುರಿದ ಮರಗಳು, ಗಾಳಿಯಂತ್ರಗಳು, ಮಂಜು ಕವಿದ ಬಯಲು. ಪ್ರತಿ ನಿಲ್ದಾಣದಲ್ಲೂ ಫೋನ್ ನೋಡಿದಳು.

'ಬಾರದೆ ಇದ್ದರೆ? ಪರವಾಗಿಲ್ಲ. ಬಾಗಿಲ ಮುಂದೆ ಇಟ್ಟು ಬರುತ್ತೇನೆ... ಆದರೆ ಬಾಗಿಲು ಯಾವುದು ಅಂತಲೂ ಗೊತ್ತಿಲ್ಲವಲ್ಲ!'

ರೈಲು ಇಪ್ಪತ್ತು ನಿಮಿಷ ತಡವಾಗಿ ನಿಂತಿತು. ಜನ ಇಳಿದರು, ಚದುರಿದರು. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಬೆಂಚಿನ ಪಕ್ಕ, ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ವಿನೀತ್ ನಿಂತಿದ್ದ.

ಸಿಂಚನಾ ತುಂಬಿದ ಉಸಿರು ಬಿಟ್ಟಳು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ.

ಅವನು ಹತ್ತಿರ ಬಂದ. ಉತ್ತರ ಆರು ಸಲ ಟೈಪ್ ಮಾಡಿ ಅಳಿಸಿದೆ, ಆಮೇಲೆ ಸ್ಟೇಷನ್ನಿಗೆ ಬರುವುದೇ ಸುಲಭ ಅನ್ನಿಸಿತು ಎಂದ.

"ಏನಾದ್ರೂ ಕೆಲಸ ಇತ್ತಾ?" ಎಂದು ಕೇಳಿದ ಅವನು. ಅಭ್ಯಾಸದ ಪ್ರಶ್ನೆ.

"ಇಲ್ಲ. ಏನೂ ಕೆಲಸ ಇಲ್ಲ. ನಿಮ್ಮನ್ನ ನೋಡ್ಬೇಕಿತ್ತು."

ವಿನೀತ್ ಮುಖ ತಿರುಗಿಸಿ ಹಳಿಗಳ ಕಡೆ ನೋಡಿದ. ಆಮೇಲೆ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡ.

ಅವನ ಹೊಸ ಮನೆ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಖಾಲಿ ಗೋಡೆ, ನೆಲದ ಮೇಲೊಂದು ಹಾಸಿಗೆ, ಬಿಚ್ಚದ ಪೆಟ್ಟಿಗೆಗಳು. ಅಡುಗೆಮನೆ ಎಂದು ತೋರಿಸಿದ ಕೋಣೆಯಲ್ಲಿ ಎರಡು ನೀರಿನ ಕೊಳವೆ ಬಿಟ್ಟರೆ ಏನೂ ಇರಲಿಲ್ಲ. ಹಿಂದಿನವರು ಹೋಗುವಾಗ ಒಲೆ, ಸಿಂಕು, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿದ್ದರು. ಜರ್ಮನಿಯಲ್ಲಿ ಹಾಗೇ ಅಲ್ಲವೇ. ಇದ್ದದ್ದು ಒಂದು ರೈಸ್ ಕುಕ್ಕರ್ ಮಾತ್ರ.

ಅದರಲ್ಲೇ ಅನ್ನ ಮಾಡಿದರು. ಅನ್ನ ತೆಗೆದಿಟ್ಟು ಅದರಲ್ಲೇ ಗಂಬೋ ಬಿಸಿ ಮಾಡಿದರು. ಹಬೆ ಏಳತೊಡಗಿದಾಗ ವಿನೀತ್ ಅಭ್ಯಾಸಬಲದಿಂದ ಬಗ್ಗಿ ಕಣ್ಣು ಮುಚ್ಚಿದ. ಅವಳೂ ಬಗ್ಗಿದಳು. ಈ ಸಲ ಕಾಮೆಂಟರಿ ಬೇಕಿರಲಿಲ್ಲ. ಇಬ್ಬರಿಗೂ ಒಂದೇ ವಾಸನೆ ಬರುತ್ತಿತ್ತು.

ನೆಲದ ಮೇಲೆ ಕೂತು ಒಂದೇ ತಟ್ಟೆಯಲ್ಲಿ ಊಟ. ಎರಡನೇ ತಟ್ಟೆ ಯಾವ ಪೆಟ್ಟಿಗೆಯಲ್ಲಿದೆಯೋ ಅವನಿಗೇ ಗೊತ್ತಿರಲಿಲ್ಲ. ಗಿಡ್ರಿ ಎರಡು ಬಟ್ಟಲು ತಿಂದ ಕಥೆ ಹೇಳಿದಳು. ಲೀನಾಗೆ ಮೊದಲಿನಿಂದಲೂ ಗೊತ್ತಿದ್ದ ಕಥೆ ಹೇಳಿದಳು. ಅವನು ಮನಸಾರೆ ನಕ್ಕ. ಆ ನಗು ನಿಂತಾಗ ಅವಳು ಚಮಚ ಕೆಳಗಿಟ್ಟಳು.

"ವಾಸನೆ ಬಂದ ದಿನ ಮೊದಲು ನಿಮಗೇ ಫೋನ್ ಮಾಡೋಕೆ ಹೊರಟಿದ್ದೆ. ಮಾಡಿದ್ರೆ ನೀವು ಶನಿವಾರ ಬರಲ್ಲ ಅಂತ ಭಯ ಆಯ್ತು. ಅದಕ್ಕೇ ಮುಚ್ಚಿಟ್ಟೆ. ನಿಮ್ಮನ್ನ ಬಳಸಿಕೊಳ್ಳೋಕಲ್ಲ ವಿನೀತ್... ನಿಮ್ಮನ್ನ ಉಳಿಸಿಕೊಳ್ಳೋಕೆ. ನನಗೆ ನೀವು ಇಷ್ಟ. ತುಂಬಾ."

ಹೇಳಿಬಿಟ್ಟೆ! ಅವಳ ಕಿವಿಯವರೆಗೂ ಬಿಸಿಯೇರಿತು. ಆದರೆ ಎದೆ ಹಗುರವಾಗಿತ್ತು, ಜ್ವರ ಬಿಟ್ಟ ಬೆಳಗಿನಂತೆ.

ವಿನೀತ್ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತಿದ್ದ.

"ನನಗೆ ಬಂದಿದ್ದು ಸಿಟ್ಟಲ್ಲ," ಎಂದ ಕೊನೆಗೆ. "ಮೂಗು ಸರಿಹೋಯ್ತು, ಇನ್ನು ನೀವು ಬೇಡ ಅಂತ ನಿಮ್ಮ ಬಾಯಿಂದ ಕೇಳ್ಬೇಕಾಗುತ್ತಲ್ಲ ಅನ್ನಿಸ್ತು. ಅದಕ್ಕೆ ಮೊದಲೇ ಓಡಿ ಬಂದೆ. ಇಲ್ಲಿಗೆ ಬಂದು ನಾಲ್ಕು ದಿನದಿಂದ ಕಾರುಗಳನ್ನ ಮೂಸ್ತಾ ಇದೀನಿ. ಒಂದರಲ್ಲೂ ಮನಸ್ಸಿಲ್ಲ."

ಅವಳು ಅವನ ಕೈ ಹಿಡಿದಳು. ಅವನ ಬೆರಳುಗಳಿಗೆ ಗಂಬೋ ಮೆತ್ತಿತ್ತು. ಇಬ್ಬರೂ ಕೈ ಬಿಡಲಿಲ್ಲ.

ಕೆಲಸದ ಕಾಗದಕ್ಕೆ ಅವನು ಸಹಿ ಹಾಕಿಯಾಗಿತ್ತು. ಅದನ್ನು ಬಿಡು ಎಂದು ಅವಳು ಹೇಳಲಿಲ್ಲ. ಒಳ್ಳೆಯ ಕೆಲಸ, ಅವನಿಗೆ ತಕ್ಕದ್ದು. ಅವಳ ಅಡುಗೆಮನೆ ಹೈಡೆಲ್‌ಬರ್ಗ್‌ನಲ್ಲಿದೆ, ಅದನ್ನೂ ಅವಳು ಬಿಡುವವಳಲ್ಲ. ನಾಲ್ಕು ಗಂಟೆಯ ದಾರಿ. ಒಂದು ವಾರ ಅವಳು, ಒಂದು ವಾರ ಅವನು. ಮುಂದಿನದು ಮುಂದೆ. ಅಷ್ಟನ್ನು ಮಾತಾಡಿ ಮುಗಿಸುವಷ್ಟರಲ್ಲಿ ನವೆಂಬರಿನ ಬೇಗನೆ ಬರುವ ಸಂಜೆ ಗಾಜಿನ ಮೇಲೆ ನೀಲಿಯಾಗಿ ಇಳಿದಿತ್ತು.

ತಟ್ಟೆ ತೊಳೆಯಲು ಇಬ್ಬರೂ ಬಚ್ಚಲಿಗೆ ಹೋಗಬೇಕಾಯಿತು. ವಾಪಸು ಬರುವಾಗ ಅವನು ಆ ಖಾಲಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತ. ಕಿಸೆಯಿಂದ ಟೇಪ್ ತೆಗೆದು, ಮುಂದಿನ ವಾರ ಕಿಚನ್ ಆರ್ಡರ್ ಮಾಡಬೇಕು, ಅಳತೆ ಕೊಡಬೇಕು ಎಂದ. ಟೇಪಿನ ಒಂದು ತುದಿ ಅವಳ ಕೈಗೆ ಕೊಟ್ಟ.

"ಒಲೆ ಎಲ್ಲಿರಲಿ? ಹೇಳು."

'ಹೇಳಿ' ಅಲ್ಲ, 'ಹೇಳು'. ಅವಳು ಅದನ್ನು ಗಮನಿಸಿದಳು. ಅವನಿಗೆ ಗೊತ್ತಾಗದಂತೆ ನಕ್ಕಳು.

ಟೇಪ್ ಎಳೆಯುತ್ತ ಹೋಗಿ ಕಿಟಕಿಯ ಪಕ್ಕ ನಿಂತಳು. ಕೆಳಗೆ ಬೀದಿ, ಬೀದಿಯ ತಿರುವಿನಲ್ಲಿ ಒಂದು ದೀಪ.

"ಇಲ್ಲಿ."

"ಕಿಟಕಿ ಹತ್ರ ಯಾಕೆ?"

"ಅಡುಗೆ ಮಾಡ್ತಾ ನಿಂತಿರ್ತೀನಲ್ಲ," ಎಂದಳು ಸಿಂಚನಾ. "ನೀನು ಬರೋದು ಕಾಣಲಿ."